ಕಾಲು ತೆಗೆದ ಮೇಲೂ ಕಾರು ನಿಲ್ಲಬೇಕು

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಪಕ್ಕದ ಸೀಟಿನವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ, ಹೆಚ್ಚಾಗಿ ಒಂದು ಕ್ಲಚ್ ಕೂಡ. ಏರಿನಲ್ಲಿ ಕಾರು ಒಂದಿಷ್ಟು ಹಿಂದೆ ಸರಿದರೂ ಹೇಳಿಕೊಡುವವರ ಕಾಲು ತಾನಾಗಿ ಅದನ್ನು ಒತ್ತಿಬಿಡುತ್ತದೆ. ಕಲಿಯುವವರು ಮಾತ್ರ ಕಾರನ್ನು ನಿಲ್ಲಿಸಿದ್ದು ತಾವೇ ಅಂದುಕೊಳ್ಳುತ್ತಾರೆ. ಕ್ಲಾಸ್ ಮುಗಿದು, ಲೈಸೆನ್ಸ್ ಬಂದು, ಒಬ್ಬರೇ ಕಾರು ತೆಗೆದ ದಿನ ಫ್ಲೈಓವರಿನ ಏರಿನಲ್ಲಿ ಟ್ರಾಫಿಕ್ ನಿಲ್ಲುತ್ತದೆ. ಹಿಂದೆ ಒಂದು ಗೇಣು ದೂರದಲ್ಲಿ ಮಗುವನ್ನು ಕೂರಿಸಿಕೊಂಡ ಸ್ಕೂಟರ್. ಪಕ್ಕದ ಸೀಟು ಖಾಲಿ. ಎಡಗೈ ಬಳಿಯೇ ಇರುವ ಹ್ಯಾಂಡ್‌ಬ್ರೇಕನ್ನು ಸರಿಯಾಗಿ ಕಲಿತೇ ಇಲ್ಲ ಎಂದು ತಿಳಿಯುವುದು ಆಗ.

ಹೊರನಾಡಿನಲ್ಲಿರುವ ನಮ್ಮಲ್ಲಿ ಅನೇಕರು ಕಾರು ಕಲಿಯುವುದೇ ತಡವಾಗಿ. ಊರಿನಲ್ಲಿ ಬಸ್ಸು, ಬೈಕು ಸಾಕಾಗಿತ್ತು. ಇಲ್ಲಿ ಮಕ್ಕಳ ಶಾಲೆ, ಅಪ್ಪ-ಅಮ್ಮನ ಆಸ್ಪತ್ರೆ ಓಡಾಟ ಶುರುವಾದ ಮೇಲೆ ಸ್ಟಿಯರಿಂಗ್ ಹಿಡಿಯುತ್ತೇವೆ. ಕಲಿಯುವ ಜಾಗವೋ, ಹೈದರಾಬಾದಿನ ಬಂಜಾರಾ ಹಿಲ್ಸ್‌ನ ಏರಿಳಿತ, ಮುಂಬೈ ಮಾಲ್‌ಗಳ ಸುರುಳಿ ರ‍್ಯಾಂಪ್, ಪುಣೆಯ ಕಾತ್ರಜ್ ಘಾಟ್. ಹಬ್ಬಕ್ಕೆ ಪುಣೆಯಿಂದ ಬೆಳಗಾವಿ ಕಡೆ ಹೊರಟರೆ ಖಂಬಾಟ್ಕಿ ಘಾಟಿನ ಸಾಲು. ಹ್ಯಾಂಡ್‌ಬ್ರೇಕ್ ಬರದಿದ್ದರೆ ಇಲ್ಲೆಲ್ಲ ದಿನ ದೂಡುವುದು ಕಷ್ಟ.

ಒಳಗೆ ಏನಾಗುತ್ತದೆ?

ಕಾಲಿನ ಬ್ರೇಕ್ ಒತ್ತಿದಾಗ ದ್ರವದ ಒತ್ತಡ ನಾಲ್ಕೂ ಚಕ್ರಗಳನ್ನು ಹಿಡಿಯುತ್ತದೆ. ಲಿವರ್ ಇರುವ ಹ್ಯಾಂಡ್‌ಬ್ರೇಕಿನ ದಾರಿಯೇ ಬೇರೆ. ಲಿವರ್ ಎಳೆದರೆ ಉಕ್ಕಿನ ಕೇಬಲ್ ಬಿಗಿಯುತ್ತದೆ. ನಮ್ಮ ಹೆಚ್ಚಿನ ಸಣ್ಣ ಕಾರುಗಳಲ್ಲಿ ಆ ಕೇಬಲ್ ಹಿಂದಿನ ಎರಡು ಚಕ್ರಗಳ ಡ್ರಮ್ಮಿನೊಳಗಿನ ಬ್ರೇಕ್ ಶೂಗಳನ್ನು ಅಗಲಿಸಿ ಹಿಡಿಸುತ್ತದೆ. ಕಟಕಟ ಎಂದು ಕೇಳುವುದು ಹಲ್ಲುಗಳ ಸದ್ದು. ಎಳೆದ ಲಿವರ್ ವಾಪಸ್ ಬೀಳದಂತೆ ಅವು ತಡೆಯುತ್ತವೆ.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಒಂದು, ಇದು ನಿಂತ ಕಾರನ್ನು ನಿಂತಲ್ಲೇ ಹಿಡಿಯುವ ಬ್ರೇಕ್. ಓಡುತ್ತಿರುವಾಗ ಒಮ್ಮೆಲೇ ಎಳೆದರೆ ಹಿಂದಿನ ಚಕ್ರಗಳು ಮಾತ್ರ ಲಾಕ್ ಆಗಿ ಕಾರು ತಿರುಗಿಬಿಡಬಹುದು. ಕಾಲಿನ ಬ್ರೇಕ್ ಕೈಕೊಟ್ಟಾಗ ಗೇರ್ ಇಳಿಸುತ್ತಾ, ಬಟನ್ ಒತ್ತಿಕೊಂಡೇ ಸ್ವಲ್ಪ ಸ್ವಲ್ಪ ಎಳೆಯುವುದು ಬೇರೆ ಮಾತು. ಎರಡು, ಕೇಬಲ್ ಕಾಲಕ್ರಮೇಣ ಸಡಿಲವಾಗುತ್ತದೆ. ಲಿವರ್ ಮೊದಲಿಗಿಂತ ಹೆಚ್ಚು ಮೇಲೆ ಬರತೊಡಗಿದರೆ ಸರ್ವಿಸ್‌ನಲ್ಲಿ ಹೇಳಿ ಬಿಗಿ ಮಾಡಿಸಬೇಕು.

ಏರಿನಲ್ಲಿ ಹೊರಡುವುದು

ಅನೇಕ ಕಡೆ ಕಲಿಸುವುದು ಹಾಫ್ ಕ್ಲಚ್. ಏರಿನಲ್ಲಿ ಕ್ಲಚ್ಚನ್ನು ಅರ್ಧ ಬಿಟ್ಟು, ಆಕ್ಸಿಲರೇಟರ್ ಒತ್ತಿ, ಕಾರನ್ನು ತೂಗಿಸಿ ನಿಲ್ಲಿಸಿಕೊಳ್ಳುವುದು. ನೋಡಲು ಜಾಣತನ. ಆದರೆ ಅಷ್ಟು ಹೊತ್ತೂ ಕ್ಲಚ್ ಪ್ಲೇಟ್ ಉಜ್ಜಿ ಸವೆಯುತ್ತದೆ. ಕಾಲು ಸ್ವಲ್ಪ ತಪ್ಪಿದರೂ ಕಾರು ಹಿಂದಕ್ಕೆ ಹೋಗುತ್ತದೆ.

ಹ್ಯಾಂಡ್‌ಬ್ರೇಕಿನ ಕ್ರಮ ಹೀಗೆ. ನಿಂತ ಕೂಡಲೇ ಲಿವರ್ ಎಳೆಯಿರಿ, ಕಾಲಿನ ಬ್ರೇಕ್ ಬಿಡಿ, ಕಾರು ಅಲುಗದು ಎಂದು ಖಚಿತ ಮಾಡಿಕೊಳ್ಳಿ. ಹೊರಡುವಾಗ ಕ್ಲಚ್ ಪೂರ್ತಿ ಒತ್ತಿ ಮೊದಲ ಗೇರ್ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಡಿ, ಕ್ಲಚ್ಚನ್ನು ನಿಧಾನವಾಗಿ ಬಿಡುತ್ತಾ ಬನ್ನಿ. ಒಂದು ಹಂತದಲ್ಲಿ ಎಂಜಿನ್ ಸದ್ದು ತಗ್ಗಿ, ಬಾನೆಟ್ ಒಂದಿಷ್ಟು ಮೇಲೇಳುತ್ತದೆ. ಎಂಜಿನ್ ಈಗ ಕಾರನ್ನು ಮುಂದಕ್ಕೆ ಎಳೆಯುತ್ತಿದೆ, ಹ್ಯಾಂಡ್‌ಬ್ರೇಕ್ ತಡೆಯುತ್ತಿದೆ. ಆಗ ಬಟನ್ ಒತ್ತಿ ಲಿವರ್ ಪೂರ್ತಿ ಕೆಳಗಿಳಿಸಿ. ಹಿಂದಿನವರು ಎಷ್ಟು ಹಾರ್ನ್ ಹೊಡೆದರೂ ಆ ಹಂತ ಬರುವ ಮೊದಲು ಇಳಿಸಬೇಡಿ. ಅವಸರ ಅವರದ್ದು, ಕಾರು ನಿಮ್ಮದು.

ಇದು ಕೇವಲ ಒಳ್ಳೆಯ ಅಭ್ಯಾಸವಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ, ಚಾಲನಾ ಪರೀಕ್ಷೆಯಲ್ಲಿ ತೋರಿಸಬೇಕಾದ ಸಾಮರ್ಥ್ಯಗಳ ಪಟ್ಟಿಯಲ್ಲೇ ಕಾರು ಹಿಂದೆ ಜಾರದಂತೆ ಏರಿನಲ್ಲಿ ಹೊರಡುವುದೂ ಸೇರಿದೆ.

ನಿಲ್ಲಿಸುವ ಕ್ರಮ

ಊರಿನಲ್ಲಿ ಎತ್ತಿನ ಗಾಡಿ ಏರಿನಲ್ಲಿ ನಿಂತರೆ ಮೊದಲು ಚಕ್ರಕ್ಕೆ ಕಲ್ಲು ಕೊಡುತ್ತಿದ್ದರು, ಆಮೇಲೆ ಉಳಿದ ಮಾತು. ಘಾಟಿಯಲ್ಲಿ ಲಾರಿ ನಿಂತರೆ ಕ್ಲೀನರ್ ಮರದ ತುಂಡು ಹಿಡಿದು ಜಿಗಿಯುವುದೂ ಅದಕ್ಕೇ. ಕಾರಿನಲ್ಲೂ ಕ್ರಮ ಮುಖ್ಯ. ಕಾಲಿನ ಬ್ರೇಕ್ ಒತ್ತಿದ್ದಂತೆಯೇ ಗೇರ್ ನ್ಯೂಟ್ರಲ್‌ಗೆ ತಂದು ಹ್ಯಾಂಡ್‌ಬ್ರೇಕ್ ಎಳೆಯಿರಿ. ಕಾಲು ತೆಗೆದು, ಭಾರ ಅದರ ಮೇಲೆ ನಿಂತಿತೇ ನೋಡಿ. ಎಂಜಿನ್ ಆರಿಸಿ. ಏರುಮುಖವಾಗಿದ್ದರೆ ಮೊದಲ ಗೇರ್, ಇಳಿಮುಖವಾಗಿದ್ದರೆ ರಿವರ್ಸ್ ಹಾಕಿ ಇಳಿಯಿರಿ. ಕೇಬಲ್ ಸಡಿಲಿದರೂ ಎಂಜಿನ್ ಹಿಡಿದಿರುತ್ತದೆ.

ಆಟೊಮ್ಯಾಟಿಕ್ ಕಾರಿನವರಿಗೆ ಇದು ಬೇಡವೇ? ಬೇಕು. ಇಳಿಜಾರಿನಲ್ಲಿ ನೇರ ‘ಪಿ’ಗೆ ಹಾಕಿ ಕಾಲು ತೆಗೆದರೆ ಇಡೀ ಕಾರಿನ ಭಾರವನ್ನು ಗೇರ್‌ಬಾಕ್ಸ್‌ನೊಳಗಿನ ಒಂದು ಸಣ್ಣ ಲೋಹದ ಕೊಂಡಿ ಹೊರಬೇಕಾಗುತ್ತದೆ. ಮೊದಲು ಹ್ಯಾಂಡ್‌ಬ್ರೇಕ್, ಆಮೇಲೆ ‘ಪಿ’. ಹೊಸ ಕಾರುಗಳ ಹಿಲ್ ಹೋಲ್ಡ್ ಕೂಡ ಸಾಮಾನ್ಯವಾಗಿ ಹಿಡಿಯುವುದು ಕೆಲವೇ ಸೆಕೆಂಡು.

‘ನ್ಯೂಟ್ರಲ್‌ನಲ್ಲಿ ಬಿಡಿ ಸಾರ್’

ದೆಹಲಿ, ಮುಂಬೈಗಳ ಇಕ್ಕಟ್ಟಿನ ಪಾರ್ಕಿಂಗ್‌ನಲ್ಲಿ ಒಂದು ರೂಢಿಯಿದೆ. ಕಾರಿನ ಹಿಂದೆ ಅಡ್ಡವಾಗಿ ಇನ್ನೊಂದು ಕಾರು. ಒಳಗಿನವರು ಹೊರಡುವಾಗ ಕೈಯಿಂದ ತಳ್ಳಿ ಸರಿಸಲೆಂದು ಹ್ಯಾಂಡ್‌ಬ್ರೇಕ್ ಹಾಕದೆ ನ್ಯೂಟ್ರಲ್‌ನಲ್ಲಿ ಬಿಡಿ ಎನ್ನುತ್ತಾರೆ. ಕಲಿತ ಪಾಠ ಮರೆಸುವ ಜಾಗ ಇದೇ. ಸಮತಟ್ಟಾಗಿ ಕಂಡ ನೆಲ ನೀರು ಹರಿಯುವಷ್ಟಾದರೂ ವಾಟವಾಗಿರುತ್ತದೆ. ಒಂದು ಟನ್ ತೂಕದ ಕಾರು ಒಮ್ಮೆ ಉರುಳತೊಡಗಿದರೆ ಕೈಯಿಂದ ತಡೆಯಲಾಗದು. ಆಟವಾಡುವ ಮಕ್ಕಳಿಗೂ ಅದೇ ಅಂಗಳ.

1988ರ ಮೋಟಾರು ವಾಹನ ಕಾಯ್ದೆಯ 126ನೇ ಸೆಕ್ಷನ್ ಸ್ಪಷ್ಟವಾಗಿದೆ: ಸಾರ್ವಜನಿಕ ಸ್ಥಳದಲ್ಲಿ ನಿಲ್ಲಿಸಿದ ಕಾರಿನ ಚಾಲಕನ ಸೀಟಿನಲ್ಲಿ ಲೈಸೆನ್ಸ್ ಇರುವವರು ಇಲ್ಲದಿದ್ದರೆ, ಎಂಜಿನ್ ಆರಿಸಿ, ಬ್ರೇಕ್ ಹಾಕಿರಬೇಕು ಅಥವಾ ಕಾರು ತಾನಾಗಿ ಚಲಿಸದಂತೆ ಬೇರೆ ಏರ್ಪಾಡು ಮಾಡಿರಬೇಕು. ಬೇರೆ ಜಾಗವೇ ಇಲ್ಲದಿದ್ದರೆ ಕೀಲಿಯನ್ನು ನಂಬಿಕಸ್ಥ ಕಾವಲುಗಾರರಿಗೆ ಕೊಡುವುದು, ಗಾಜಿನ ಮೇಲೆ ಫೋನ್ ನಂಬರ್ ಇಡುವುದು ಮೇಲು. ಸೊಸೈಟಿಯ ಸಭೆಯಲ್ಲಿ ಎತ್ತಬಹುದಾದ ವಿಷಯವೂ ಹೌದು.

ಒಂದೇ ಕಡೆ ವಿನಾಯಿತಿ ಉಂಟು. ಮಳೆಗಾಲದಲ್ಲಿ ವಾರಗಟ್ಟಲೆ ಊರಿಗೆ ಹೋಗುವಾಗ ಎಳೆದಿಟ್ಟ ಹ್ಯಾಂಡ್‌ಬ್ರೇಕಿನ ಶೂಗಳು ತೇವಕ್ಕೆ ಡ್ರಮ್ಮಿಗೆ ಅಂಟಿಕೊಳ್ಳಬಹುದು. ಆಗ ಸಮತಟ್ಟು ನೆಲದಲ್ಲಿ ಕಾರನ್ನು ಗೇರಿನಲ್ಲಿಟ್ಟು, ಚಕ್ರದ ಹಿಂದೆ ಮುಂದೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಇಳಿಸಿ ಹೋಗಬಹುದು. ಮತ್ತೆ ಹೊರಡುವಾಗ ಡ್ಯಾಶ್‌ಬೋರ್ಡಿನ ಕೆಂಪು ದೀಪ ನೋಡಿ. ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸಿದರೂ ಅದು ಆರದಿದ್ದರೆ ಬ್ರೇಕ್ ದ್ರವ ಕಡಿಮೆಯಾಗಿರಬಹುದು. ಮುಂದೆ ಹೋಗದೆ ಮೆಕ್ಯಾನಿಕ್‌ಗೆ ತೋರಿಸಿ.

ಕಲಿಯುತ್ತಿರುವವರು ಈ ವಾರವೇ ಒಂದು ಕೆಲಸ ಮಾಡಿ. ಖಾಲಿಯಿರುವ ಏರು ರಸ್ತೆಗೆ ಕರೆದುಕೊಂಡು ಹೋಗಲು ಹೇಳಿಕೊಡುವವರನ್ನು ಕೇಳಿ. ಅಪಾಯವೆನಿಸುವವರೆಗೆ ಅವರ ಪೆಡಲ್ ಒತ್ತಬಾರದು ಎಂದು ಒಪ್ಪಂದ ಮಾಡಿಕೊಳ್ಳಿ. ಹತ್ತು ಸಲ ನಿಲ್ಲಿಸಿ, ಹತ್ತು ಸಲ ಹೊರಡಿ. ಒಂದು ಸಲವೂ ಹಿಂದೆ ಜಾರದೆ ಹೊರಟ ದಿನ, ಪಕ್ಕದ ಸೀಟಿನಲ್ಲಿ ಮನೆಯವರನ್ನು ಕೂರಿಸಿಕೊಂಡು ನೀವು ಧೈರ್ಯವಾಗಿ ಹೊರಡಬಹುದು.