ನಿಮಗಿದು ಗೊತ್ತೆ? ಜಾತ್ರೆಯ ಊರಲ್ಲಿ ಹುತಾತ್ಮರ ಸ್ತೂಪ

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥವನ್ನು ‘ಕರ್ನಾಟಕದ ಜಲಿಯನ್‌ವಾಲಾ ಬಾಗ್’ ಎನ್ನುತ್ತಾರೆ. ಆದರೆ ಇಲ್ಲಿ ಗುಂಡು ಹಾರಿಸಿದ್ದು ಬ್ರಿಟಿಷ್ ಸೇನೆಯಲ್ಲ, ಮೈಸೂರು ಸಂಸ್ಥಾನದ ಪೊಲೀಸರು!

● ಮಂಡ್ಯ ಜಿಲ್ಲೆಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದ ಕೆಲವೇ ದಿನಗಳಲ್ಲಿ, 1938ರ ಏಪ್ರಿಲ್ 25ರಂದು, ನಿಷೇಧಾಜ್ಞೆ ಮೀರಿ ಜನ ವಿದುರಾಶ್ವತ್ಥದಲ್ಲಿ ಸೇರಿದರು. ಕಾಂಗ್ರೆಸ್ಸಿನ ತ್ರಿವರ್ಣ ಧ್ವಜ ಹಾರಿಸುವುದು ಅವರ ಉದ್ದೇಶವಾಗಿತ್ತು.

● ಪೊಲೀಸರ ಗುಂಡಿಗೆ ಸತ್ತವರು ಸರ್ಕಾರಿ ಲೆಕ್ಕದಲ್ಲಿ ಸುಮಾರು 10 ಮಂದಿ. ಕಾಂಗ್ರೆಸ್ಸಿನವರ ಲೆಕ್ಕದಲ್ಲಿ 30ಕ್ಕೂ ಹೆಚ್ಚು.

● ಸುದ್ದಿ ತಿಳಿದ ಗಾಂಧೀಜಿಯವರು ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಅವರನ್ನು ಮೈಸೂರಿಗೆ ಕಳಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತುಕತೆ ನಡೆದು ‘ಮಿರ್ಜಾ–ಪಟೇಲ್ ಒಪ್ಪಂದ’ವಾಯಿತು. ಸಂಸ್ಥಾನದ ಧ್ವಜದ ಜೊತೆ ಕಾಂಗ್ರೆಸ್ ಧ್ವಜ ಹಾರಿಸಲೂ ಒಪ್ಪಿಗೆ ಸಿಕ್ಕಿತು.

● ಊರಿಗೆ ಹೆಸರು ಕೊಟ್ಟ, ಮಹಾಭಾರತದ ವಿದುರ ನೆಟ್ಟನೆಂದು ನಂಬಲಾದ ಹಳೆಯ ಅಶ್ವತ್ಥ ಮರ 2001ರಲ್ಲಿ ಉರುಳಿತು. ಹರಕೆಯ ನಾಗರಕಲ್ಲುಗಳು ಈಗಲೂ ಸಾಲುಗಟ್ಟಿ ನಿಂತಿವೆ.

● ಇಲ್ಲಿನ ದೇವಸ್ಥಾನಕ್ಕೆ, ಜಾತ್ರೆಗೆ ಬಂದವರು ಹುತಾತ್ಮರ ಸ್ತೂಪವನ್ನೂ ‘ವೀರಸೌಧ’ದಲ್ಲಿರುವ ಸ್ವಾತಂತ್ರ್ಯ ಹೋರಾಟದ ಚಿತ್ರಗಳನ್ನೂ ನೋಡಬಹುದು. ಗೌರಿಬಿದನೂರಿನಿಂದ ಇಲ್ಲಿಗೆ ಕೆಲವೇ ಕಿಲೋಮೀಟರ್.