ಲಕ್ವ ಹೊಡೆದದ್ದು ಎಷ್ಟು ಜೋರಾಗಿ?

ನಂಜನಗೂಡಿನ ಕಡೆಯಿಂದ ಒಬ್ಬರನ್ನು ಮೈಸೂರಿನ ಆಸ್ಪತ್ರೆಗೆ ಕರೆತಂದಿದ್ದಾರೆ ಎನ್ನಿ. ಬಾಯಿ ಒಂದಿಷ್ಟು ಸೊಟ್ಟಗಾಗಿದೆ, ಮಾತು ತೊದಲುತ್ತಿದೆ, ಆದರೆ ನಡೆದುಕೊಂಡೇ ಒಳಗೆ ಬಂದಿದ್ದಾರೆ. ಅದೇ ಹೊತ್ತಿಗೆ ಎಚ್.ಡಿ. ಕೋಟೆಯಿಂದ ಆಂಬುಲೆನ್ಸಿನಲ್ಲಿ ಇನ್ನೊಬ್ಬರು ಬಂದರು. ಇವರ ಬಲಗೈ, ಬಲಗಾಲು ಅಲುಗುತ್ತಿಲ್ಲ, ಮಾತು ಪೂರಾ ನಿಂತಿದೆ, ಎರಡೂ ಕಣ್ಣು ಎಡಕ್ಕೇ ವಾಲಿವೆ. ಮನೆಯವರ ಬಾಯಲ್ಲಿ ಎರಡೂ ಲಕ್ವ. ಕೇಸ್‌ಶೀಟಿನಲ್ಲೂ ಬರೀ ‘ಸ್ಟ್ರೋಕ್’ ಎಂದಷ್ಟೇ ಬರೆದರೆ, ಮುಂದೊಂದು ದಿನ ರೆಕಾರ್ಡ್ ರೂಮಿನಲ್ಲಿ ಫೈಲು ಬಿಚ್ಚಿದವರಿಗೆ ಇಬ್ಬರಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ.

ಇದಕ್ಕಾಗಿಯೇ ಇರುವುದು ಎನ್‌ಐಎಚ್‌ಎಸ್‌ಎಸ್ ಎಂಬ ಅಳತೆ. ಅಮೆರಿಕದಲ್ಲಿ ರೂಪುಗೊಂಡು 1989ರಲ್ಲಿ ಪ್ರಕಟವಾದ ಇದು ಈಗ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಎಚ್ಚರ ಇದೆಯೇ, ಕಣ್ಣು ಎರಡೂ ಕಡೆ ಹೊರಳುತ್ತದೆಯೇ, ಮುಖ ಸಮನಾಗಿದೆಯೇ ಎಂದು ಒಂದೊಂದಾಗಿ ನೋಡುತ್ತಾರೆ. ಎತ್ತಿದ ತೋಳು 10 ಸೆಕೆಂಡ್, ಕಾಲು 5 ಸೆಕೆಂಡ್ ಕೆಳಗೆ ಜಾರದೆ ನಿಲ್ಲಬೇಕು. ಪ್ರತಿಯೊಂದು ಕೊರತೆಗೂ ಅಂಕ. ಎಲ್ಲ ಸರಿಯಿದ್ದರೆ ಸೊನ್ನೆ, ಗರಿಷ್ಠ 42. ಪರೀಕ್ಷೆಯಲ್ಲಿ ಕಡಿಮೆ ಬಂದಷ್ಟೂ ಖುಷಿಪಡಬೇಕಾದ ಅಂಕಪಟ್ಟಿ ಇದು. ನಾಲ್ಕರೊಳಗೆ ಇದ್ದರೆ ಸಣ್ಣ ಆಘಾತ, 20 ದಾಟಿದರೆ ಭಾರಿ ಆಘಾತ ಎಂಬುದು ರೂಢಿಯ ಲೆಕ್ಕ.

ಚಿಕಿತ್ಸೆಯ ದಾರಿ ಹಿಡಿಯಲು ಈ ಅಂಕ ಬೇಕು. ರಕ್ತನಾಳ ಕಟ್ಟಿಕೊಂಡು ಆದ ಸ್ಟ್ರೋಕಿಗೆ ಹೆಪ್ಪು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ದೊಡ್ಡ ನಾಳವೇ ಮುಚ್ಚಿದ್ದರೆ ತೊಡೆಯ ರಕ್ತನಾಳದಿಂದ ತಂತಿ ತೂರಿಸಿ ಹೆಪ್ಪನ್ನು ಎಳೆದು ತೆಗೆಯುವ ವಿಧಾನವಿದೆ. ಅಂಕ ಆರು ಅಥವಾ ಹೆಚ್ಚಿದ್ದರೆ ವೈದ್ಯರು ಈ ಸಾಧ್ಯತೆಯನ್ನು ವಿಶೇಷವಾಗಿ ನೋಡುತ್ತಾರೆ. ತಾಲ್ಲೂಕು ಆಸ್ಪತ್ರೆಯಿಂದ ಹೊರಡುವಾಗ 8 ಇದ್ದದ್ದು ಮೈಸೂರು ಮುಟ್ಟುವಾಗ 14 ಆಗಿದ್ದರೆ, ದಾರಿಯಲ್ಲಿ ಪರಿಸ್ಥಿತಿ ಬಿಗಡಾಯಿಸಿದೆ ಎಂಬುದಕ್ಕೆ ಬೇರೆ ವಿವರಣೆ ಬೇಡ. ಆದರೆ ಆ 8 ಅನ್ನು ಅಲ್ಲಿ ಯಾರಾದರೂ ಬರೆದಿರಬೇಕಷ್ಟೆ.

ಈ ಅಳತೆ ಹುಟ್ಟಿದ ಊರೇ ಬೇರೆ ಎಂಬುದನ್ನು ಮರೆಯುವಂತಿಲ್ಲ. ಮೂಲ ಪರೀಕ್ಷೆಯಲ್ಲಿ ರೋಗಿ ಉಚ್ಚರಿಸಬೇಕಾದ ಮಾತುಗಳಲ್ಲಿ ಹಕಲ್‌ಬೆರಿ, ಬೇಸ್‌ಬಾಲ್ ಪ್ಲೇಯರ್ ಇವೆ. ಚಾಮರಾಜನಗರದ ಅಜ್ಜಿ ಇದನ್ನು ಹೇಳಲು ತಡವರಿಸಿದರೆ ತಪ್ಪು ಮಿದುಳಿನದಲ್ಲ! ಇನ್ನೊಂದು ಪ್ರಶ್ನೆ: ಈಗ ಯಾವ ತಿಂಗಳು, ನಿಮ್ಮ ವಯಸ್ಸೆಷ್ಟು? ಉತ್ತರ ಕರಾರುವಾಕ್ಕಾಗಿರಬೇಕು, ಹತ್ತಿರ ಬಂದರೆ ಸಾಲದು ಎಂಬುದು ನಿಯಮ. ಚಾಮುಂಡಿ ಬೆಟ್ಟದ ಶುಕ್ರವಾರಗಳ ಲೆಕ್ಕದಲ್ಲಿ ‘ಆಷಾಢ’ ಎಂದವರಿಗೆ ಅಂಕ ಹಾಕುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಹುಟ್ಟಿದ ವರ್ಷ ಎಂದೂ ಗೊತ್ತಿಲ್ಲದವರ ವಿಷಯವನ್ನು ಅಂಕದ ಪಕ್ಕದಲ್ಲೇ ಒಂದು ಸಾಲು ಬರೆದಿಡುವುದು ಒಳ್ಳೆಯದು.

ಮಾತಿನ ನಷ್ಟವನ್ನು ಆಳವಾಗಿ ಅಳೆಯುವ ಕೆಲಸ ಮೈಸೂರಿನಲ್ಲೇ ನಡೆದಿದೆ. 1960ರ ದಶಕದಲ್ಲಿ ಆರಂಭವಾಗಿ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಅಂದರೆ ನಮ್ಮ ‘ಆಯಿಷ್’, ವೆಸ್ಟರ್ನ್ ಅಫೇಸಿಯಾ ಬ್ಯಾಟರಿ ಎಂಬ ಪರೀಕ್ಷೆಯನ್ನು ಕನ್ನಡಕ್ಕೆ ಹೊಂದಿಸಿದೆ. ಎನ್‌ಐಎಚ್‌ಎಸ್‌ಎಸ್‌ನಲ್ಲಿ ಭಾಷೆಗೆ ಇರುವುದು ಹೆಚ್ಚೆಂದರೆ 3 ಅಂಕ. ಈ ಬ್ಯಾಟರಿಯಲ್ಲಾದರೋ ಸರಾಗ ಮಾತು, ಗ್ರಹಿಕೆ, ಪುನರುಚ್ಚಾರ, ಹೆಸರಿಸುವಿಕೆ ಎಲ್ಲ ಸೇರಿ 100ಕ್ಕೆ ಲೆಕ್ಕ. ಮೊದಲನೆಯದು ಕ್ಯಾಶುವಾಲ್ಟಿಯ ಅವಸರಕ್ಕೆ, ಎರಡನೆಯದು ತಿಂಗಳುಗಟ್ಟಲೆ ನಡೆಯುವ ವಾಕ್ ಚಿಕಿತ್ಸೆಗೆ.

ಅಂಕಕ್ಕೆ ಇನ್ನೊಂದು ಓರೆಯೂ ಇದೆ. 42ರಲ್ಲಿ 7 ಅಂಕ ನೇರವಾಗಿಯೋ ಬಳಸಿಯೋ ಭಾಷೆಗೆ ಸೇರಿದ್ದು, ಬಹುಪಾಲು ಜನರಲ್ಲಿ ಭಾಷೆಯಿರುವುದು ಎಡ ಮಿದುಳಿನಲ್ಲಿ. ಬಲ ಮಿದುಳಿಗೆ ಪೆಟ್ಟಾದವರು ತಟ್ಟೆಯ ಎಡಭಾಗದ ಅನ್ನವನ್ನೇ ಗಮನಿಸದೆ ಬಿಡಬಹುದು. ಆ ಉಪೇಕ್ಷೆಗೆ ಸಿಗುವುದು ಬರೀ 2. ಕಿರುಮಿದುಳಿಗೆ ಏಟು ಬಿದ್ದು ತಲೆಸುತ್ತಿ ನಿಲ್ಲಲಾಗದವರಿಗೂ ಅಂಕ ಸೊನ್ನೆಯ ಆಸುಪಾಸಿನಲ್ಲೇ ಇರಬಹುದು. ಅಂಕ ಕಡಿಮೆ ಎಂದು ನಿಶ್ಚಿಂತರಾಗುವ ಹಾಗಿಲ್ಲ.

ಇನ್ನು ದಾಖಲೆಗಳಲ್ಲಿ ರೋಗಕ್ಕೆ ಹಾಕುವ ಕೋಡಿನ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಪಟ್ಟಿಯಲ್ಲಿ ಮಿದುಳಿನ ರಕ್ತಸ್ರಾವಕ್ಕೆ ಐ61, ನಾಳ ಕಟ್ಟಿ ಆದದ್ದಕ್ಕೆ ಐ63. ಯಾವುದೆಂದು ಕೇಸ್‌ಶೀಟು ಹೇಳದಿದ್ದರೆ ಐ64, ಅಂದರೆ ‘ಸ್ಟ್ರೋಕ್, ಬಗೆ ತಿಳಿಯದು’. ತೀವ್ರತೆಗೆ ಅದರಲ್ಲಿ ಜಾಗವೇ ಇಲ್ಲ. ಅಮೆರಿಕ ತನ್ನ ಆವೃತ್ತಿಯಲ್ಲಿ 2016ರ ಅಕ್ಟೋಬರ್ 1ರಿಂದ ಆರ್29.7 ಎಂಬ ಸಾಲು ಸೇರಿಸಿ, ಅದರ ಬಾಲಕ್ಕೆ ಅಂಕವನ್ನೇ ಅಂಟಿಸಿತು. ಅಂಕ 14 ಆದರೆ ಆರ್29.714. ಬೆಂಗಳೂರಿನ ಕಂಪನಿಗಳಲ್ಲಿ ಕೂತು ಅಮೆರಿಕದ ರೋಗಿಗಳಿಗೆ ಈ ಕೋಡು ಹಾಕುವ ನಮ್ಮ ಹುಡುಗ ಹುಡುಗಿಯರಿದ್ದಾರೆ. ಅವರದೇ ಊರಿನ ಅಜ್ಜನ ಫೈಲಿನಲ್ಲಿ ಅದಕ್ಕೊಂದು ಕಾಲಂ ಇಲ್ಲ.

ಅಷ್ಟಕ್ಕೂ ಇದರಿಂದ ಏನಾಗಬೇಕು ಎಂದರೆ, ಆಸ್ಪತ್ರೆಗಳ ಸಾವಿನ ಪ್ರಮಾಣ ಹೋಲಿಸುವಾಗ ತಕ್ಕಡಿ ಸರಿಯಿರಬೇಕು. ಅಮೆರಿಕದ ಆಸ್ಪತ್ರೆಗಳ ಮೇಲೆ 2012ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು, ತೀವ್ರತೆಯನ್ನು ಲೆಕ್ಕಕ್ಕೆ ಸೇರಿಸಿದ ಕೂಡಲೇ ಅನೇಕ ಆಸ್ಪತ್ರೆಗಳ ಶ್ರೇಯಾಂಕ ಬದಲಾಗುವುದನ್ನು ತೋರಿಸಿತು. ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಗೆ ಸುತ್ತಲಿನ ಜಿಲ್ಲೆಗಳಿಂದ ಕೈಮೀರಿದ ಕೇಸುಗಳೂ ಬರುತ್ತವೆ. ಬರುವಾಗಲೇ ಅಂಕ 25 ಇದ್ದವರನ್ನೂ 3 ಇದ್ದವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಸಾವುಗಳನ್ನು ಎಣಿಸಿದರೆ, ಕಷ್ಟದ ರೋಗಿಗಳನ್ನು ಸೇರಿಸಿಕೊಂಡ ಆಸ್ಪತ್ರೆಗೇ ಕೆಟ್ಟ ಹೆಸರು.

ಕೋಡಿನ ಪಟ್ಟಿ ಬದಲಾಗುವವರೆಗೆ ಕಾಯಬೇಕಿಲ್ಲ. ದಾಖಲಾದಾಗಿನ ಅಂಕ, ಬಿಡುಗಡೆಯ ದಿನದ ಅಂಕ ಎರಡನ್ನೂ ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆಯಲು ಯಾವ ಅಡ್ಡಿಯೂ ಇಲ್ಲ. ಬರೆದಿರದಿದ್ದರೆ ಡಾಕ್ಟರರನ್ನು ಕೇಳಿ ಬರೆಸಿಕೊಳ್ಳಿ. ಇನ್ನೊಂದು ದಾಖಲೆ ಮನೆಯವರಿಂದಲೇ ಬರಬೇಕು: ರೋಗಿ ಕೊನೆಯದಾಗಿ ಸರಿಯಾಗಿದ್ದದ್ದನ್ನು ನೀವು ಕಂಡ ಹೊತ್ತು. ನಾಲ್ಕೂವರೆ ಗಂಟೆಯ ಎಣಿಕೆ ಶುರುವಾಗುವುದು ಅಲ್ಲಿಂದ. ಮುಖ ಸೊಟ್ಟಗಾದರೆ, ಕೈ ಜೋತುಬಿದ್ದರೆ ಅಥವಾ ಮಾತು ತೊದಲಿದರೆ ಆ ಹೊತ್ತನ್ನು ಚೀಟಿಯಲ್ಲಿ ಬರೆದುಕೊಂಡು ಕೂಡಲೇ 108ಕ್ಕೆ ಫೋನ್ ಮಾಡಿ.