ಗಾಲಿಯ ಅಳತೆ

ಹೊಸ ವಸ್ತುವೊಂದು ಮನೆಗೆ ಬಂದಾಗ ಅದನ್ನು ನಾಲ್ಕು ಜನರಿಗೆ ತೋರಿಸಬೇಕೆಂಬ ಆಸೆ ಮನುಷ್ಯನಿಗೆ ಸಹಜವಾದುದು. ಅದರಲ್ಲಿ ತಪ್ಪೇನೂ ಇಲ್ಲ. ತೋರಿಸುವವನಿಗೆ ತಾನು ತೋರಿಸುತ್ತಿರುವ ವಸ್ತುವಿನ ಮರ್ಮ ತಿಳಿದಿದ್ದರೆ ಆ ಸಂತೋಷ ಇಮ್ಮಡಿಯಾಗುತ್ತದೆ. ತಿಳಿಯದಿದ್ದರೆ ಅದು ಬರಿಯ ಬಡಾಯಿಯಾಗಿ ಇನ್ನೊಬ್ಬರ ಮನಸ್ಸನ್ನು ನೋಯಿಸುತ್ತದೆ. ಕಲಬುರಗಿಯ ಶಹಾಬಜಾರಿನ ನಮ್ಮ ಓಣಿಯಲ್ಲಿ ನಡೆದ ಒಂದು ಸಣ್ಣ ಪ್ರಸಂಗ ಇದನ್ನು ನನಗೆ ಮನಗಾಣಿಸಿತು.

ಅಂದು ರವಿವಾರ. ಎದುರುಮನೆಯ ಹುಡುಗ ತನ್ನ ಹೊಸ ಸೈಕಲ್ಲನ್ನು ಶಹಾಬಾದಿ ಕಲ್ಲಿನ ಕಟ್ಟೆಯ ಮುಂದೆ ನಿಲ್ಲಿಸಿದ್ದನು. ಓಣಿಯ ಮಕ್ಕಳೆಲ್ಲ ಅದರ ಸುತ್ತ ನೆರೆದಿದ್ದರು. ನನ್ನನ್ನು ಕಂಡೊಡನೆ ಅವನು ಕೂಗಿ ಹೇಳಿದನು: “ಮುತ್ಯಾ, ಇಲ್ಲಿ ನೋಡ್ರಿ! ಇದು ಗುಡ್ಡ ಹತ್ತೋ ಸೈಕಲ್ಲು. ಹಿಂದೂ ಮುಂದೂ ಸ್ಪ್ರಿಂಗ್ ಅದ. ಗಾಲಿ ಇಪ್ಪತ್ತೊಂಬತ್ತು ಇಂಚು. ಇಷ್ಟು ದೊಡ್ಡ ಗಾಲಿ ನಮ್ಮ ಓಣ್ಯಾಗ ಯಾರದೂ ಇಲ್ಲ.”

ಅಷ್ಟರಲ್ಲಿ ನಮಗೆ ಹಾಲು ತರುವ ಹುಡುಗ ಬಂದನು. ಅವನೂ ಅದೇ ವಯಸ್ಸಿನವನು, ಹತ್ತನೆಯ ತರಗತಿಯಲ್ಲಿ ಓದುವವನು. ಅವನದು ತಂದೆಯ ಕಾಲದ ಕರಿಯ ಸೈಕಲ್ಲು. ಕ್ಯಾರಿಯರಿನ ಎರಡೂ ಬದಿಗೆ ಹಾಲಿನ ಕ್ಯಾನುಗಳು. “ನಿನ್ನ ಗಾಡಿ ಇನ್ನೂ ಓಡ್ತದೇನೋ? ನನ್ನ ಗಾಲಿ ಮುಂದ ನಿನ್ನದು ಏನೂ ಅಲ್ಲ” ಎಂದನು ಹೊಸ ಸೈಕಲ್ಲಿನವನು. ಮಕ್ಕಳು ನಕ್ಕರು. ಹಾಲಿನ ಹುಡುಗ ಮಾತಾಡಲಿಲ್ಲ. ತಲೆ ತಗ್ಗಿಸಿ ಹಾಲು ಅಳೆಯತೊಡಗಿದನು.

ಮೂವತ್ತು ವರ್ಷ ಪಾಠ ಹೇಳಿದ ನನಗೆ ಸುಮ್ಮನಿರಲಾಗಲಿಲ್ಲ. “ತಮ್ಮಾ, ಎರಡೂ ಟೈರುಗಳ ಪಕ್ಕದಲ್ಲಿ ಅಚ್ಚೊತ್ತಿದ ಅಂಕಿಗಳನ್ನು ಓದು” ಎಂದೆನು. ಹೊಸದರ ಮೇಲೆ ೫೭–೬೨೨ ಎಂದಿತ್ತು. ಹಳೆಯದರ ಧೂಳನ್ನು ಒರೆಸಿ ನೋಡಿದಾಗ ೪೦–೬೩೫ ಎಂದು ಕಂಡಿತು. ಇವು ಮಿಲಿಮೀಟರಿನ ಲೆಕ್ಕದ ಅಂಕಿಗಳು. ಮೊದಲನೆಯದು ಟೈರಿನ ದಪ್ಪವನ್ನೂ ಎರಡನೆಯದು ರಿಮ್ಮಿನ ಮೇಲೆ ಟೈರು ಕೂರುವ ವೃತ್ತದ ವ್ಯಾಸವನ್ನೂ ತಿಳಿಸುತ್ತವೆ. ಅಂದ ಮೇಲೆ ಹಾಲಿನ ಸೈಕಲ್ಲಿನ ರಿಮ್ಮೇ ಹೊಸದಕ್ಕಿಂತ ೧೩ ಮಿಲಿಮೀಟರು ದೊಡ್ಡದು! ಟೈರಿನ ದಪ್ಪವನ್ನು ಎರಡೂ ಕಡೆ ಸೇರಿಸಿದರೆ ಮಾತ್ರ ಹೊಸ ಗಾಲಿಯ ವ್ಯಾಸ ೭೩೬ ಮಿಲಿಮೀಟರು, ಅಂದರೆ ಸುಮಾರು ೨೯ ಅಂಗುಲವಾಗುತ್ತದೆ. ಹಳೆಯದು ೭೧೫ ಮಿಲಿಮೀಟರು, ಸುಮಾರು ೨೮ ಅಂಗುಲವಾಗುತ್ತದೆ. ಮಕ್ಕಳ ನಗೆ ನಿಂತಿತು. ಹಾಲಿನ ಹುಡುಗ ತಲೆಯೆತ್ತಿ ತನ್ನ ಗಾಲಿಯನ್ನು ಮೊದಲ ಬಾರಿಗೆ ಕಂಡವನಂತೆ ನೋಡಿದನು.

ಹಾಗಾದರೆ ಹೊಸ ಸೈಕಲ್ಲನ್ನು ‘ದೊಡ್ಡ ಗಾಲಿಯದು’ ಎಂದು ಕರೆಯುವುದೇಕೆ? ಇದಕ್ಕೆ ಉತ್ತರ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದೆ. ೧೯೭೦ರ ದಶಕದಲ್ಲಿ ಅಲ್ಲಿನ ಮರಿನ್ ಪ್ರಾಂತದ ಕೆಲವು ತರುಣರು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ದುರಸ್ತಿ ಮಾಡಿಕೊಂಡು ಗುಡ್ಡದ ಮಣ್ಣುದಾರಿಯಲ್ಲಿ ಇಳಿಯತೊಡಗಿದರು. ೧೯೭೬ರಲ್ಲಿ ಆರಂಭವಾದ ಅವರ ಒಂದು ಪಂದ್ಯಕ್ಕೆ ‘ರೀಪ್ಯಾಕ್’ ಎಂದು ಹೆಸರು. ಇಳಿಜಾರಿನಲ್ಲಿ ಬ್ರೇಕು ಕಾದು ಅದರೊಳಗಿನ ಗ್ರೀಸು ಉರಿದುಹೋಗುತ್ತಿತ್ತು. ಪ್ರತಿಸಲವೂ ಮತ್ತೆ ಗ್ರೀಸು ತುಂಬಬೇಕಾಗುತ್ತಿದ್ದುದರಿಂದ ಆ ಹೆಸರು ಬಂದಿತು. ೧೯೭೭ರಲ್ಲಿ ಜೋ ಬ್ರೀಜ್ ಎಂಬಾತನು ಗುಡ್ಡದ ಸವಾರಿಗೆಂದೇ ಹೊಸ ಚೌಕಟ್ಟನ್ನು ಕಟ್ಟಿದನು. ಆ ಹಳೆಯ ಸೈಕಲ್ಲುಗಳ ಗಾಲಿ ೨೬ ಅಂಗುಲದ್ದಾಗಿದ್ದುದರಿಂದ ಮುಂದೆ ಬಂದ ಮೌಂಟನ್ ಬೈಕುಗಳೂ ಅದೇ ಅಳತೆಯನ್ನು ಹಿಡಿದವು. ಹೀಗೆ ಕೈಗೆ ಸಿಕ್ಕ ಅಳತೆಯೇ ಬಹುಕಾಲ ನಿಯಮವಾಗಿ ಉಳಿಯಿತು. ೧೯೯೯ರ ಸುಮಾರಿಗೆ ೬೨೨ ಮಿಲಿಮೀಟರಿನ ರಿಮ್ಮಿಗೆ ಹೊಂದುವ ದಪ್ಪ ಟೈರು ದೊರೆತ ಮೇಲೆ ೨೯ ಅಂಗುಲದ ಗಾಲಿ ಬಳಕೆಗೆ ಬಂದಿತು. ಅದು ದೊಡ್ಡದೆನಿಸಿದ್ದು ಆ ೨೬ ಅಂಗುಲದ ಗಾಲಿಯ ಮುಂದೆ.

ದೊಡ್ಡ ಗಾಲಿಯ ಪ್ರಯೋಜನವನ್ನು ನಮ್ಮ ರೈತರು ಎಂದೋ ಬಲ್ಲರು. ಎತ್ತಿನ ಬಂಡಿಯ ಗಾಲಿ ಅಷ್ಟು ಎತ್ತರವಾಗಿರುವುದು ಅಂದಕ್ಕಲ್ಲ. ದಾರಿಯಲ್ಲಿ ಬಿದ್ದ ಕಲ್ಲಿಗೆ ಸಣ್ಣ ಗಾಲಿ ಎದುರಾಗಿ ಡಿಕ್ಕಿ ಹೊಡೆದು ನಿಲ್ಲುತ್ತದೆ. ಅದೇ ಕಲ್ಲನ್ನು ದೊಡ್ಡ ಗಾಲಿ ತನ್ನ ಬಾಗಿನ ಓರೆಯಿಂದ ಮುಟ್ಟಿ, ಮೆಲ್ಲನೆ ಏರಿ ಇಳಿಯುತ್ತದೆ. ತಗ್ಗಿನೊಳಗೂ ಅದು ಅಷ್ಟು ಆಳಕ್ಕೆ ಜಾರುವುದಿಲ್ಲ. ಆದರೆ ದೊಡ್ಡ ಗಾಲಿಗೆ ತೂಕ ಹೆಚ್ಚು. ಅದನ್ನು ತಿರುಗಿಸಲು ಆರಂಭದಲ್ಲಿ ಹೆಚ್ಚು ಬಲ ಬೇಕು. ಬಿಗಿಯಾದ ತಿರುವಿನಲ್ಲಿ ಅದು ಬೇಗನೆ ಮಾತು ಕೇಳುವುದಿಲ್ಲ.

ಇನ್ನು ಸ್ಪ್ರಿಂಗಿನ ಮಾತು. ಗಾಲಿ ಕಲ್ಲನ್ನು ಹತ್ತಿದಾಗ ಅದರೊಂದಿಗೆ ಸವಾರನೂ ಮೇಲಕ್ಕೆ ಹಾರಬಾರದು. ಗಾಲಿ ಮಾತ್ರ ಏರಬೇಕು, ಸವಾರ ಇದ್ದಲ್ಲಿಯೇ ಇರಬೇಕು. ಇದಕ್ಕಾಗಿ ಮುಂದಿನ ಫೋರ್ಕನ್ನು ಒಂದರೊಳಗೊಂದು ಜಾರುವ ಕೊಳವೆಗಳಿಂದ ಮಾಡುತ್ತಾರೆ. ಚೌಕಟ್ಟಿನ ಹಿಂಭಾಗವನ್ನು ಕೀಲುಗಳ ಮೇಲೆ ಕೂರಿಸಿ ನಡುವೆ ಒಂದು ಶಾಕ್ ಅಬ್ಸಾರ್ಬರನ್ನು ಜೋಡಿಸುತ್ತಾರೆ. ಇವುಗಳಲ್ಲಿ ಎರಡು ಅಂಗಗಳಿವೆ. ಸುರುಳಿ ತಂತಿ ಅಥವಾ ಒತ್ತಿದ ಗಾಳಿ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಆದರೆ ನುಂಗಿದ್ದನ್ನು ಅದು ಹಾಗೆಯೇ ಹಿಂದಕ್ಕೆ ಕೊಟ್ಟರೆ ಸೈಕಲ್ಲು ಚೆಂಡಿನಂತೆ ಪುಟಿಯುತ್ತದೆ. ಆದ್ದರಿಂದ ಎಣ್ಣೆಯನ್ನು ಕಿರಿದಾದ ರಂಧ್ರಗಳ ಮೂಲಕ ಹಾಯಿಸಿ ಆ ಶಕ್ತಿಯನ್ನು ಶಾಖವನ್ನಾಗಿ ಕಳೆಯುತ್ತಾರೆ. ಇದರ ಮುಖ್ಯ ಲಾಭ ಸವಾರನ ಸುಖವೆಂದು ಹಲವರು ತಿಳಿಯುತ್ತಾರೆ. ಅದಕ್ಕಿಂತ ದೊಡ್ಡ ಲಾಭ ಬೇರೊಂದಿದೆ. ಗಾಲಿ ನೆಲವನ್ನು ಬಿಡದೆ ಅಪ್ಪಿಕೊಂಡಿರುವುದರಿಂದ ಬ್ರೇಕು ಹಿಡಿಯುತ್ತದೆ, ತುಳಿತವೂ ವ್ಯರ್ಥವಾಗುವುದಿಲ್ಲ. ನೆಲ ಬಿಟ್ಟ ಗಾಲಿಗೆ ಎಂತಹ ಬ್ರೇಕು ಇದ್ದರೇನು? ಆದರೂ ನುಣುಪಾದ ಏರುದಾರಿಯಲ್ಲಿ ಈ ಸ್ಪ್ರಿಂಗುಗಳೇ ಕಾಲಿನ ಶಕ್ತಿಯಲ್ಲಿ ಒಂದು ಪಾಲನ್ನು ತಿಂದುಬಿಡುತ್ತವೆ.

ಮೌಂಟನ್ ಬೈಕಿನ ಪಂದ್ಯ ೧೯೯೬ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಮೊದಲು ಸೇರಿತು. ೨೦೧೨ರ ಲಂಡನ್ ಒಲಿಂಪಿಕ್ಸಿನಲ್ಲಿ ಚೆಕ್ ದೇಶದ ಯಾರೊಸ್ಲಾವ್ ಕುಲ್ಹಾವಿ ೨೯ ಅಂಗುಲದ ಗಾಲಿಯ, ಹಿಂದೂ ಮುಂದೂ ಸ್ಪ್ರಿಂಗು ಇರುವ ಸೈಕಲ್ಲಿನ ಮೇಲೆ ಚಿನ್ನದ ಪದಕ ಗೆದ್ದನು. ಅವನಿಗಿಂತ ಒಂದೇ ಒಂದು ಸೆಕೆಂಡು ಹಿಂದೆ ಬಂದ ಸ್ವಿಟ್ಜರ್ಲೆಂಡಿನ ನೀನೊ ಶುರ್ಟರನ ಸೈಕಲ್ಲಿನ ಗಾಲಿ ಅದಕ್ಕಿಂತ ಚಿಕ್ಕದು. ಹಿಂದೆ ಸ್ಪ್ರಿಂಗೂ ಇರಲಿಲ್ಲ. ಎರಡು ಬಗೆಯ ಯಂತ್ರಗಳ ನಡುವೆ ಉಳಿದದ್ದು ಒಂದು ಸೆಕೆಂಡಿನ ಅಂತರ!

ನನ್ನ ಮಾತು ಮುಗಿದ ಮೇಲೆ ಹಾಲಿನ ಹುಡುಗ ಹೊಸ ಸೈಕಲ್ಲನ್ನು ಒಮ್ಮೆ ಸುತ್ತಿಬಂದು, “ಇದಕ್ಕ ಕ್ಯಾರಿಯರ್ ಎಲ್ಲದ? ಕ್ಯಾನ್ ಎಲ್ಲಿ ಕಟ್ಟೂದು?” ಎಂದು ಮೆಲ್ಲನೆ ಕೇಳಿದನು. ಅದು ವ್ಯಂಗ್ಯವಲ್ಲ, ನಿಜವಾದ ಪ್ರಶ್ನೆ. ಕಮಲಾಪುರದ ಕಡೆ, ಕೆಂಪು ಬಾಳೆಯ ತೋಟಗಳಾಚೆಯ ಗುಡ್ಡದಾರಿಯಲ್ಲಿ ಕಲ್ಲು ಹಾಯ್ದು ಇಳಿಯಲು ಹೊಸದೇ ಮೇಲು. ಕ್ಯಾನು ತುಂಬ ಹಾಲು ಹೊತ್ತು ಓಣಿ ಓಣಿ ತಿರುಗಲು ಹಳೆಯದೇ ಮೇಲು. ೨೦೦೬–೦೭ರಲ್ಲಿ ನಮ್ಮ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ಲು ಕೊಡಲಾರಂಭಿಸಿದಾಗ ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಪಕ್ಕದೂರಿನ ಪ್ರೌಢಶಾಲೆಗೆ ಹೋಗುವಂತಾಯಿತು. ಆ ಸೈಕಲ್ಲುಗಳಿಗೆ ಸ್ಪ್ರಿಂಗು ಇರಲಿಲ್ಲ. ಆದರೂ ಅವು ದೂರದ ಹಾದಿಯನ್ನೇ ಕ್ರಮಿಸಿದವು.

ಇದನ್ನೆಲ್ಲ ಆ ಹುಡುಗನಿಗೆ ಹೇಳುವಾಗ ನಾನು ಒಳಗೊಳಗೆ ನಾಚುತ್ತಿದ್ದೆನು. ೧೯೭೪ರಲ್ಲಿ ನನ್ನ ತಂದೆ ನನಗೊಂದು ಹೊಸ ಸೈಕಲ್ಲು ಕೊಡಿಸಿದ್ದರು. ಅದಕ್ಕೆ ಮೊದಲು ಗಂಟೆಗೆ ನಾಲ್ಕಾಣೆಯ ಬಾಡಿಗೆ ಸೈಕಲ್ಲಿನ ಮೇಲೆ, ಹಿಂದಿನಿಂದ ಸೀಟು ಹಿಡಿದು ಓಡುತ್ತ, ನನಗೆ ಸವಾರಿ ಕಲಿಸಿದವನು ನನ್ನ ಒಬ್ಬ ಗೆಳೆಯ. ಹೊಸ ಸೈಕಲ್ಲನ್ನು ಕಂಡು ಅವನು, “ಒಂದು ಸುತ್ತು ಕೊಡೋ” ಎಂದನು. “ಗೀರು ಬೀಳ್ತದ” ಎಂದು ನಾನು ಕೊಡಲಿಲ್ಲ. ಮರುದಿನದಿಂದ ಅವನು ಬೇರೆ ಓಣಿಯಿಂದ ಶಾಲೆಗೆ ಹೋಗತೊಡಗಿದನು. ಆ ಸೈಕಲ್ಲು ಎಂದೋ ಗುಜರಿಗೆ ಹೋಯಿತು. ಆ ಮಾತು ಮಾತ್ರ ನನ್ನಲ್ಲಿ ಇನ್ನೂ ಉಳಿದಿದೆ.

ಇದನ್ನು ಕೇಳಿ ಎದುರುಮನೆಯ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದನು. ಬಳಿಕ ಹ್ಯಾಂಡಲನ್ನು ಹಾಲಿನ ಹುಡುಗನ ಕೈಗಿತ್ತು, “ಹತ್ತಪಾ” ಎಂದನು. ಅವನು ಓಣಿಯ ಕೊನೆಯ ಮೋರಿಯ ಕಲ್ಲನ್ನು ದಾಟಿ ಹಿಂದಿರುಗಿ, “ಕಲ್ಲು ಹಾಯ್ದದ್ದೇ ಗೊತ್ತಾಗಲಿಲ್ಲ!” ಎಂದು ಬೆರಗಾದನು. ಇತ್ತ ಹೊಸ ಸೈಕಲ್ಲಿನ ಒಡೆಯ ತುಂಬಿದ ಕ್ಯಾನುಗಳ ಕರಿಯ ಸೈಕಲ್ಲನ್ನು ಸ್ಟ್ಯಾಂಡಿನಿಂದ ಇಳಿಸಲು ಹೋಗಿ, ಅದರ ಭಾರಕ್ಕೆ ತೂಗಾಡಿ ನಿಂತುಬಿಟ್ಟನು. “ಇದನ್ನ ದಿನಾ ಹೆಂಗ ಹೊಡೀತೀಯೋ?” ಎಂದು ಕೇಳಿದನು. ಹಾಲಿನ ಹುಡುಗ ನಕ್ಕು, ಬಂದು ಹಿಂದಿನಿಂದ ಸೀಟು ಹಿಡಿದನು.